ಓದುಗರ ಪ್ರಶ್ನೆ: ಹಲಗೆಯ ಬಿಳುಪು ಕೆಡದಂತೆ, ಕರೆಂಟಿನ ಬಿಲ್ಲು ಏರದಂತೆ

ಪ್ರಶ್ನೆ: ಕೊಪ್ಪಳ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಸಾಮಿಲ್ಲು ಇದೆ, ಅದಕ್ಕೆ ಹೊಂದಿಕೊಂಡು ಕುರ್ಚಿ, ಮೇಜು, ಮಂಚ ತಯಾರಿಸುವ ಶೆಡ್ಡೂ ಇದೆ. ಮಾವು, ಹೆಬ್ಬೇವು ಮತ್ತು ಕರಾವಳಿಯಿಂದ ತರಿಸುವ ರಬ್ಬರ್ ಮರವನ್ನು ಒಂದು ಇಂಚು ದಪ್ಪಕ್ಕೆ ಕೊಯ್ದು, 300 ಘನ ಅಡಿ ಹಿಡಿಸುವ ಕಿಲ್ನ್‌ನಲ್ಲಿ ಒಣಗಿಸುತ್ತೇವೆ. ಕಾವು ವಿದ್ಯುತ್ ಹೀಟರಿನದು. ಮೊದಲ ದಿನದಿಂದಲೇ 65 ಡಿಗ್ರಿ ಇಡುತ್ತೇವೆ. ಬಿರುಕು ಬಿಡದಿರಲೆಂದು ಗಾಳಿಗಂಡಿ ಮುಚ್ಚಿ ಒಳಗೆ ತೇವ ನಿಲ್ಲಿಸುತ್ತೇವೆ. ಕೊಯ್ದಾಗ ಬೆಣ್ಣೆಯಂತಿದ್ದ ಹಲಗೆ, ಹದಿನಾಲ್ಕು ದಿನದ ಮೇಲೆ ತೆಗೆದು ರಂದಾ ಹೊಡೆದರೆ ಒಳಗೆ ಬೂದು ತಿರುಗಿರುತ್ತದೆ. ಹಲಗೆಗಳ ನಡುವೆ ಗಾಳಿಯಾಡಲೆಂದು ರೀಪು (ಮರದ ಪಟ್ಟಿ) ಇಟ್ಟ ಜಾಗದಲ್ಲಿ ಗೆರೆ ಬಿದ್ದಿರುತ್ತದೆ. ಬಿಳಿಯ ಹಲಗೆಯೇ ಬೇಕೆನ್ನುವ ಬೆಂಗಳೂರಿನ ಗಿರಾಕಿಗಳು ಮಾಲು ವಾಪಸ್ ಕಳಿಸುತ್ತಿದ್ದಾರೆ. ಬಣ್ಣ ಉಳಿಸಬೇಕೆಂದರೆ ಕಾವು ಇಳಿಸಿ ನಿಧಾನವಾಗಿ ಒಣಗಿಸಬೇಕೆಂದು ಕೆಲವರು ಹೇಳುತ್ತಾರೆ. ದಿನ ಹೆಚ್ಚಾದರೆ ಈಗಲೇ ಭಾರವಾಗಿರುವ ಕರೆಂಟಿನ ಬಿಲ್ಲು ಇನ್ನೂ ಏರುವುದಿಲ್ಲವೇ?
— ಓದುಗರು, ಕೊಪ್ಪಳ

ಉತ್ತರ: ಬಣ್ಣ ಉಳಿಸಿದರೆ ಬಿಲ್ಲು ಏರುತ್ತದೆ, ಬಿಲ್ಲು ಇಳಿಸಿದರೆ ಬಣ್ಣ ಹೋಗುತ್ತದೆ ಎಂಬ ಲೆಕ್ಕದಲ್ಲಿ ತಾವು ಪ್ರಶ್ನೆ ಕೇಳಿದ್ದೀರಿ. ತಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಅನ್ನಿಸಿದ್ದು ಬೇರೆಯೇ: ತಮ್ಮ ಹಲಗೆಯನ್ನು ಬೂದು ಮಾಡುತ್ತಿರುವ ತಪ್ಪು ಮತ್ತು ತಮ್ಮ ಬಿಲ್ಲನ್ನು ಏರಿಸುತ್ತಿರುವ ತಪ್ಪು ಬಹುಮಟ್ಟಿಗೆ ಒಂದೇ. ಗಾಳಿಯೇ ಪುಕ್ಕಟೆಯಾಗಿ ತೆಗೆದುಕೊಂಡು ಹೋಗಬಹುದಾಗಿದ್ದ ನೀರನ್ನು ತಾವು ಮುಚ್ಚಿದ ಕೋಣೆಯೊಳಗೆ, ದುಬಾರಿ ಕಾವಿನಲ್ಲಿ, ಅದೂ ಹಲಗೆ ಇನ್ನೂ ಹಸಿಯಾಗಿರುವಾಗ ಬೇಯಿಸುತ್ತಿದ್ದೀರಿ.

ಮೊದಲು ಬೂದು ಬಣ್ಣದ ವಿಚಾರ. ಮಾವು, ರಬ್ಬರ್, ಹೆಬ್ಬೇವಿನಂತಹ ತಿಳಿ ಬಣ್ಣದ ಮರಗಳಲ್ಲಿ ನಾವು ಬಳಸುವ ಭಾಗ ಹೆಚ್ಚಾಗಿ ಒಳಗಿನ ಚೇಗಲ್ಲ, ಹೊರಗಿನ ಬಿಳಿ ಮರ. ಮರ ಉರುಳಿದ ಮೇಲೂ ಆ ಭಾಗದ ಕೆಲವು ಜೀವಕೋಶಗಳು ಅನೇಕ ದಿನ ಜೀವಂತವಾಗಿರುತ್ತವೆ, ಅವುಗಳಲ್ಲಿ ಗಂಜಿ ಮತ್ತು ಸಕ್ಕರೆ ತುಂಬಿರುತ್ತವೆ. ನೀರು ಹಿಂದೆ ಸರಿದ ಜಾಗಕ್ಕೆ ಗಾಳಿ ನುಗ್ಗಿದಾಗ ಕೋಶದೊಳಗಿನ ಕಿಣ್ವಗಳು ಅಲ್ಲಿನ ರಸವಸ್ತುಗಳನ್ನು ಆಮ್ಲಜನಕದೊಂದಿಗೆ ಕೂಡಿಸುತ್ತವೆ. ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಾಗುವುದೂ ಇದೇ ರೀತಿಯ ಕ್ರಿಯೆ. ಗೃಹಿಣಿಯರು ಹೆಚ್ಚಿದ ಬದನೆಯನ್ನು ತಕ್ಷಣ ನೀರಿಗೆ ಹಾಕಿ ಗಾಳಿ ತಪ್ಪಿಸುತ್ತಾರೆ. ಹಲಗೆಯನ್ನು ಹಾಗೆ ನೀರಿನಲ್ಲಿ ಬಿಡಲು ಬರುವುದಿಲ್ಲವಾದ್ದರಿಂದ ನಮಗಿರುವ ದಾರಿ ಒಂದೇ: ಆ ಕ್ರಿಯೆಗೆ ಬೇಕಾದ ಬೆಚ್ಚನೆಯ ತೇವವನ್ನು ಬೇಗ ಕಳೆಯುವುದು. ಹಲಗೆಯ ತೇವಾಂಶ ಶೇ 25ಕ್ಕಿಂತ ಕೆಳಗೆ ಬಂದ ಮೇಲೆ ಈ ಬೂದು ಹೊಸದಾಗಿ ಹುಟ್ಟುವುದು ಬಹುತೇಕ ನಿಂತುಹೋಗುತ್ತದೆ. ಆದ್ದರಿಂದ ಬಣ್ಣದ ಹಣೆಬರಹ ನಿರ್ಧಾರವಾಗುವುದು ಕೊಯ್ದ ಮೇಲಿನ ಮೊದಲ ಕೆಲವು ದಿನಗಳಲ್ಲಿ; ಕಿಲ್ನ್‌ನ ಕೊನೆಯ ವಾರದಲ್ಲಿ ಏನು ಮಾಡಿದರೂ ಅದು ಬದಲಾಗದು.

ಇದರ ಜೊತೆಗೆ ಕಾವಿನ ಕಂದು ಎಂಬ ಇನ್ನೊಂದು ದೋಷವಿದೆ. ಒದ್ದೆಯಾದ ಮರವನ್ನು 60 ಡಿಗ್ರಿಗಿಂತ ಮೇಲೆ ದಿನಗಟ್ಟಲೆ ಇಟ್ಟರೆ ಅದರೊಳಗಿನ ಸಕ್ಕರೆ ಅಂಶಗಳು ಒಡೆದು, ಬೆಲ್ಲ ಕಾಯಿಸುವಾಗ ರಸ ಕೆಂಪೇರುವ ಹಾಗೆ, ಮರ ಕಂದುಗಟ್ಟುತ್ತದೆ. ಅದೇ ಕಾವು ಒಣ ಮರಕ್ಕೆ ಅಷ್ಟು ತೊಂದರೆ ಮಾಡುವುದಿಲ್ಲ. ತಾವು ಮೊದಲ ದಿನವೇ 65 ಡಿಗ್ರಿಗೆ ಏರಿಸಿ ಗಾಳಿಗಂಡಿ ಮುಚ್ಚುವುದೆಂದರೆ, ಹೊರಮೈ ಆ ಕಾವಿಗೆ ಬರುವವರೆಗೂ ಒಳಭಾಗವನ್ನು 35–45 ಡಿಗ್ರಿಯ ಬೆಚ್ಚನೆಯ ತೇವದಲ್ಲಿಟ್ಟು ಬೂದು ಬಣ್ಣಕ್ಕೆ ಅವಕಾಶ ಕೊಡುವುದು, ಆಮೇಲೆ ಹಸಿಯಾಗಿಯೇ ಬೇಯಿಸಿ ಕಂದು ಬಣ್ಣಕ್ಕೂ ಅವಕಾಶ ಕೊಡುವುದು ಎಂದಾಯಿತು.

ನಾನೇನೂ ಈ ತಪ್ಪು ಮಾಡದವನಲ್ಲ. ನನ್ನ ಮೊದಲ ವರ್ಷದಲ್ಲಿ ಹೋಳಿ ಹುಣ್ಣಿಮೆಗೆ ಬಂದ ಮಾವಿನ ದಿಮ್ಮಿಗಳನ್ನು ಬಸವ ಜಯಂತಿಯವರೆಗೆ ಅಂಗಳದಲ್ಲೇ ಬಿಟ್ಟಿದ್ದೆ. ಕೊಯ್ದ ಹಲಗೆ ಬಿಸಿಲಿಗೆ ಸೀಳದಿರಲೆಂದು ಒಂದರ ಮೇಲೊಂದು ಒಟ್ಟಿ ಟಾರ್ಪಾಲಿನ್ ಹೊದಿಸಿಯೂ ಬಿಟ್ಟೆ. ಮೂರನೆಯ ದಿನ ಟಾರ್ಪಾಲಿನ್ ಎತ್ತಿದಾಗ ಹುಳಿ ಹಿಟ್ಟಿನ ವಾಸನೆ ಬಂತು, ಹಲಗೆಗಳ ನಡುವೆ ಕೈಯಿಟ್ಟರೆ ಬೆಚ್ಚಗಿತ್ತು, ಮೇಲ್ಮೈಯಲ್ಲಿ ನೀಲಿ ಬೂಷ್ಟು ಚುಕ್ಕೆ ಚುಕ್ಕೆಯಾಗಿ ಎದ್ದಿತ್ತು. ಆ ಲಾಟು ಕೊನೆಗೆ ಪ್ಯಾಕಿಂಗ್ ಪೆಟ್ಟಿಗೆಯಾಗಿ ಹೋಯಿತು.

ಇನ್ನು ಶಕ್ತಿಯ ಲೆಕ್ಕ. ಮರದ ತೇವಾಂಶವನ್ನು ಒಣ ಕಟ್ಟಿಗೆಯ ತೂಕದ ಮೇಲೆ ಎಣಿಸುತ್ತಾರೆ ಎಂಬುದು ತಮಗೆ ಗೊತ್ತಿದೆ. ಮಾವಿನ ಒಂದು ಘನ ಅಡಿ ಹಸಿ ಹಲಗೆಯಲ್ಲಿ ಒಣ ಕಟ್ಟಿಗೆ 14 ಕೆ.ಜಿ. ಎಂದಿಟ್ಟುಕೊಂಡರೆ 300 ಘನ ಅಡಿಗೆ 4,200 ಕೆ.ಜಿ. ಆಯಿತು. ಶೇ 70ರಿಂದ ಶೇ 10ಕ್ಕೆ ಇಳಿಸಬೇಕಾದರೆ 2,520 ಕೆ.ಜಿ. ನೀರನ್ನು ಆವಿ ಮಾಡಬೇಕು. ಒಂದು ಕೆ.ಜಿ. ನೀರು ಆವಿಯಾಗಲು ಈ ಕಾವಿನ ಮಟ್ಟದಲ್ಲಿ ಸುಮಾರು 2,400 ಕಿಲೋಜೌಲ್, ಅಂದರೆ ಮೂರನೇ ಎರಡು ಯೂನಿಟ್ ಬೇಕೇ ಬೇಕು; ಇದರಲ್ಲಿ ಯಾವ ಹೀಟರೂ ರಿಯಾಯಿತಿ ಕೊಡುವುದಿಲ್ಲ. ಹೀಗೆ ಕನಿಷ್ಠ 1,700 ಯೂನಿಟ್ ಆಯಿತು. ಗೋಡೆ, ಛಾವಣಿ, ಬಾಗಿಲ ಸಂದಿ ಮತ್ತು ಗಾಳಿಗಂಡಿಯಿಂದ ಹೋಗುವುದನ್ನು ಸೇರಿಸಿದರೆ ಸಾಧಾರಣ ಕಿಲ್ನ್ ಇದರ ಒಂದೂವರೆಯಿಂದ ಮೂರು ಪಟ್ಟು ನುಂಗುತ್ತದೆ. ಎರಡು ಪಟ್ಟು ಎಂದರೂ 3,400 ಯೂನಿಟ್.

ಈಗ ಅದೇ ಹಲಗೆಯನ್ನು ಕಿಲ್ನ್‌ಗೆ ಹಾಕುವ ಮೊದಲೇ ನೆರಳಿನಲ್ಲಿ ಶೇ 25ಕ್ಕೆ ತಂದರೆ, ಒಳಗೆ ತೆಗೆಯಬೇಕಾದ ನೀರು 630 ಕೆ.ಜಿ. ಮಾತ್ರ. ಮುಕ್ಕಾಲು ಪಾಲು ಕೆಲಸವನ್ನು ಹೊರಗಿನ ಗಾಳಿ ಮಾಡಿ ಮುಗಿಸಿರುತ್ತದೆ. ಮಲೆನಾಡಿನವರಿಗಾಗಲಿ ಕರಾವಳಿಯವರಿಗಾಗಲಿ ಇಲ್ಲದ ಭಾಗ್ಯ ಇದು: ನಮ್ಮ ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನದ ಗಾಳಿ 38–40 ಡಿಗ್ರಿ ಇರುತ್ತದೆ, ಅದರ ತೇವ ಶೇ 25ರ ಆಸುಪಾಸಿಗೆ ಇಳಿದಿರುತ್ತದೆ. ಬೇಸಿಗೆಯನ್ನು ಬೈಯುವುದರಲ್ಲಿ ನಮ್ಮ ಕಡೆಯವರು ಯಾರಿಗೂ ಕಡಿಮೆಯಿಲ್ಲ. ಆದರೆ ಅದೇ ಬೇಸಿಗೆಯನ್ನು ಹೀಟರಿನ ಬದಲಿಗೆ ಹೂಡುವವರನ್ನು ನಾನು ಕಂಡಿರುವುದು ಕಡಿಮೆ.

ಹಾಗೆಂದು ಹಸಿ ಹಲಗೆಯನ್ನು ಬಯಲಿಗೆ ಒಡ್ಡಬೇಡಿ. ನೇರ ಬಿಸಿಲು ಮತ್ತು ಬಿರುಗಾಳಿ ತಗುಲಿದರೆ ಮೈ ಬಿಗಿದು ಒಳಗಿನ ನೀರು ಸಿಕ್ಕಿಕೊಳ್ಳುತ್ತದೆ, ತುದಿಗಳು ಗೇಣುದ್ದ ಸೀಳುತ್ತವೆ. ತಗಡಿನ ಮಾಡಿನ ಒಂದು ಶೆಡ್ಡು, ಗಾಳಿ ಬರುವ ಬದಿಗೆ ಹಸಿರು ನೆರಳುಬಲೆ, ನೆಲದಿಂದ ಒಂದೂವರೆ ಅಡಿ ಎತ್ತರದ ಕಟ್ಟೆ, ಗಾಳಿ ಬಿದ್ದ ದಿನಗಳಿಗೆಂದು ಎರಡು ದೊಡ್ಡ ಫ್ಯಾನು ಇಷ್ಟಿದ್ದರೆ ಸಾಕು. ದಿಮ್ಮಿ ಬಂದ ವಾರದೊಳಗೆ ಕೊಯ್ಯಬೇಕು. ಕೊಯ್ದ ದಿನವೇ ರೀಪು ಕೊಟ್ಟು ಒಟ್ಟಬೇಕು, ಒಂದು ರಾತ್ರಿಯೂ ಹಲಗೆಗೆ ಹಲಗೆ ಅಂಟಿಕೊಂಡು ಮಲಗಬಾರದು. ಸಾಧ್ಯವಾದರೆ ಮಾಗಿಯಲ್ಲಿ, ಡಿಸೆಂಬರ್‌ನಿಂದ ಫೆಬ್ರವರಿಯ ಒಳಗೆ ಕಡಿದ ಮರವನ್ನೇ ಕೊಳ್ಳಿರಿ. ತುದಿಗಳಿಗೆ ಹಳಬರು ಸಗಣಿ ಬಳಿಯುತ್ತಿದ್ದರು. ಈಗ ಮೇಣದ ಲೇಪ ಸಿಗುತ್ತದೆ, ಇಲ್ಲವಾದರೆ ದಪ್ಪನೆಯ ಎಣ್ಣೆ ಬಣ್ಣ ಎರಡು ಸಲ ಬಳಿದರೂ ನಡೆಯುತ್ತದೆ.

ರೀಪಿನ ಗೆರೆಯ ಬಗ್ಗೆ ಕೇಳಿದ್ದೀರಿ. ಅದಕ್ಕೆ ಕಾರಣ ಬಹುಮಟ್ಟಿಗೆ ಹಸಿ ರೀಪು. ಅದೇ ದಿನ ಕೊಯ್ದ ಮರದ ಅಂಚನ್ನೇ ಸೀಳಿ ರೀಪು ಮಾಡಿಕೊಂಡರೆ, ಅದು ಕೂತ ಜಾಗದಲ್ಲಿ ನೀರು ಹೊರಹೋಗದೆ ಬಣ್ಣ ತಿರುಗುತ್ತದೆ, ಸುತ್ತಲಿನ ಭಾಗ ಬೆಳ್ಳಗೆ ಉಳಿಯುತ್ತದೆ. ಎರಡು ಮಿಲಿಮೀಟರ್ ರಂದಾ ಹೊಡೆದರೂ ಗೆರೆ ಹೋಗುವುದಿಲ್ಲ ಎಂದು ತಮ್ಮ ಬಡಿಗೇರರು ಹೇಳಿದರೆ ಅವರ ಮಾತು ನಿಜ. ಅದು ಮೇಲಿನ ಕಲೆಯಲ್ಲ. ಶೇ 12ಕ್ಕಿಂತ ಕಡಿಮೆ ತೇವದ, ಮುಕ್ಕಾಲು ಇಂಚು ದಪ್ಪದ, ಅಗಲ ಕಡಿಮೆಯಿರುವ ರೀಪುಗಳನ್ನು ಒಮ್ಮೆ ಮಾಡಿಸಿ ಬೇರೆಯಾಗಿಯೇ ಎತ್ತಿಡಿ. ಎರಡೂ ಮುಖಕ್ಕೆ ಓರೆಯಾಗಿ ಗಾಡಿ (ಸಣ್ಣ ತೋಡು) ಹೊಡೆಸಿದರೆ ಹಲಗೆಗೆ ತಾಗುವ ಜಾಗವೇ ಕಡಿಮೆಯಾಗುತ್ತದೆ. ರೀಪುಗಳು ಮೇಲಿಂದ ಕೆಳಗಿನವರೆಗೆ ಒಂದೇ ಸಾಲಿನಲ್ಲಿ ಕೂರಬೇಕು, ಇಲ್ಲದಿದ್ದರೆ ಹಲಗೆ ಬಾಗುತ್ತದೆ.

ಕಿಲ್ನ್‌ನೊಳಗೆ ಹೀಗೆ ಮಾಡಿ ನೋಡಿರಿ. ಹಲಗೆ ಶೇ 25ಕ್ಕೆ ಬರುವವರೆಗೂ ಕಾವು 40–43 ಡಿಗ್ರಿ ದಾಟಬಾರದು. ಗಾಳಿಗಂಡಿ ತೆರೆದಿಟ್ಟು ಒಳಗಿನ ತೇವವನ್ನು ಶೇ 60ರ ಹತ್ತಿರ ಇರಿಸಬೇಕು. ಒದ್ದೆ ಬಟ್ಟೆ ಸುತ್ತಿದ ತಾಪಮಾಪಕ ತಮ್ಮಲ್ಲಿದ್ದರೆ, ಒಣ ಕಡ್ಡಿ 40 ತೋರಿಸುವಾಗ ಒದ್ದೆ ಕಡ್ಡಿ 33 ತೋರಿಸಬೇಕು. ಈಗ ತಾವು ಗಂಡಿ ಮುಚ್ಚಿದಾಗ ಎರಡರ ನಡುವೆ ಎರಡು ಮೂರು ಡಿಗ್ರಿಯ ಅಂತರವೂ ಇರಲಾರದು, ಎಂದರೆ ಒಳಗಿನ ತೇವ ಶೇ 85 ದಾಟಿರುತ್ತದೆ. ಶೇ 25ರ ನಂತರ ದಿನಕ್ಕೆ ಮೂರು ನಾಲ್ಕು ಡಿಗ್ರಿಯಂತೆ ಏರಿಸಿ 55–60ಕ್ಕೆ ಒಯ್ಯಬಹುದು. ಅಷ್ಟರಲ್ಲಿ ಬಣ್ಣ ನೆಲೆಗೊಂಡಿರುತ್ತದೆ. ಕೊನೆಯಲ್ಲಿ ಹಲಗೆಯ ನಡುಭಾಗ 56 ಡಿಗ್ರಿಗೆ ಬಂದು ಅರ್ಧ ಗಂಟೆ ನಿಂತರೆ ಒಳಗಿರುವ ಕುಟ್ಟೆ ಹುಳುವೂ ಸಾಯುತ್ತದೆ. ವಿದೇಶಕ್ಕೆ ಹೋಗುವ ಮರದ ಪೆಟ್ಟಿಗೆಗಳಿಗೆ ಅಂತರರಾಷ್ಟ್ರೀಯ ನಿಯಮ ವಿಧಿಸಿರುವ ಅಳತೆಯೂ ಇದೇ. ಆದರೆ ಮಾವಿಗೂ ರಬ್ಬರಿಗೂ ಹುಳು ಮತ್ತೆ ಹೊರಗಿನಿಂದ ಬರುವುದರಿಂದ ಬೋರಾನ್ ಉಪಚಾರವನ್ನು (ಹುಳು ಹಿಡಿಯದಂತೆ ಮರಕ್ಕೆ ಬೋರಾನ್ ದ್ರಾವಣ ಕುಡಿಸುವುದನ್ನು) ಬಿಡುವಂತಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಒಣ ಗಾಳಿಯಲ್ಲಿ ಬೇಗ ನೀರು ತೆಗೆಯುವ ಈ ಕ್ರಮ ತಮ್ಮ ಮೂರು ಮರಗಳಿಗೆ, ಅದೂ ಒಂದು ಒಂದೂವರೆ ಇಂಚಿನ ದಪ್ಪಕ್ಕೆ ಮಾತ್ರ. ಜಾಲಿ, ಮತ್ತಿಯಂತಹ ಗಟ್ಟಿ ಮರಗಳಿಗೆ ಇದನ್ನೇ ಹಚ್ಚಿದರೆ ಜೇನುಗೂಡಿನಂತೆ ಒಳಸೀಳು ಬೀಳುತ್ತದೆ. ಯಾವ ಮರವನ್ನು ಎಷ್ಟು ಹುಷಾರಾಗಿ ಒಣಗಿಸಬೇಕೆಂಬುದಕ್ಕೆ ಭಾರತೀಯ ಮಾನಕ ಐಎಸ್ 1141ರಲ್ಲಿ ಮರಗಳನ್ನು ಮೂರು ವರ್ಗವಾಗಿ ವಿಂಗಡಿಸಿ ಕೊಟ್ಟಿದ್ದಾರೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿಯೂ ಈ ವಿಷಯದ ತಿಳಿವಳಿಕೆಯಿದೆ.

ಕಾವು ಇಳಿಸಿದರೆ ದಿನ ಹೆಚ್ಚಾಗಿ ಬಿಲ್ಲು ಏರುವುದಿಲ್ಲವೇ ಎಂಬ ತಮ್ಮ ಮುಖ್ಯ ಸಂಶಯಕ್ಕೆ ಬರುತ್ತೇನೆ. ಗೋಡೆಯ ಮೂಲಕ ಸೋರುವ ಕಾವು ಒಳಗಿನ ಮತ್ತು ಹೊರಗಿನ ಡಿಗ್ರಿಗಳ ಅಂತರಕ್ಕೆ ತಕ್ಕಂತೆ ಇರುತ್ತದೆ. ಹೊರಗೆ 35 ಇದ್ದು ಒಳಗೆ 65 ಇಟ್ಟರೆ ಅಂತರ 30. ಒಳಗೆ 43 ಇಟ್ಟರೆ ಅಂತರ ಕೇವಲ 8. ತಮ್ಮ ಅಳತೆಯ ಕಿಲ್ನ್‌ಗೆ ಗೋಡೆ ಮತ್ತು ಛಾವಣಿ ಸೇರಿ ಸುಮಾರು 72 ಚದರ ಮೀಟರ್ ಇರಬಹುದು. ಹೊದಿಕೆಯಿಲ್ಲದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಾದರೆ ಮೊದಲನೆಯದರಲ್ಲಿ ದಿನಕ್ಕೆ 100 ಯೂನಿಟ್‌ನಷ್ಟು, ಎರಡನೆಯದರಲ್ಲಿ 28 ಯೂನಿಟ್‌ನಷ್ಟು ಗೋಡೆಗೇ ಹೋಗುತ್ತದೆ. ದಿನ ದುಪ್ಪಟ್ಟಾದರೂ ಎರಡನೆಯದೇ ಅಗ್ಗ. ಇಷ್ಟರ ಮೇಲೆ ತಾವು ಹಲಗೆಯನ್ನು ಶೇ 25ಕ್ಕೆ ತಂದೇ ಒಳಗೆ ಹಾಕಿದರೆ ದಿನ ದುಪ್ಪಟ್ಟಾಗುವ ಪ್ರಶ್ನೆಯೇ ಇಲ್ಲ. ಈಗಿನದರ ಅರ್ಧದಲ್ಲಿ ಲೋಡು ಇಳಿಯುತ್ತದೆ ಎಂಬುದು ನನ್ನ ಅನುಭವ. ಗೋಡೆ ಮತ್ತು ಛಾವಣಿಯ ಒಳಬದಿಗೆ ಎರಡು ಇಂಚಿನ ರಾಕ್‌ವೂಲ್ ಹಾಕಿಸಿ, ಅದರ ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿದರೆ ಈ ಸೋರಿಕೆ ಇನ್ನೂ ಮೂರನೇ ಒಂದಕ್ಕೆ ಇಳಿಯುತ್ತದೆ.

ಫ್ಯಾನಿನ ವಿಷಯವನ್ನು ಜನ ಮರೆಯುತ್ತಾರೆ. ಒಂದೊಂದು ಎಚ್‌ಪಿಯ ಮೂರು ಫ್ಯಾನು ಹಗಲು ರಾತ್ರಿ ತಿರುಗಿದರೆ ದಿನಕ್ಕೆ 54 ಯೂನಿಟ್ ಆಗುತ್ತದೆ. ಹಲಗೆ ಹಸಿಯಾಗಿರುವಾಗ ಮೈಮೇಲಿನ ತೇವವನ್ನು ಒಯ್ಯಲು ಜೋರು ಗಾಳಿ ಬೇಕು, ಅದರಲ್ಲಿ ಜಿಪುಣತನ ಮಾಡಿದರೆ ಬಣ್ಣವೇ ಹೋಗುತ್ತದೆ. ಆದರೆ ಶೇ 25ರ ಕೆಳಗೆ ಒಣಗುವ ವೇಗವನ್ನು ನಿರ್ಧರಿಸುವುದು ನೀರು ಒಳಗಿನಿಂದ ಹೊರಮೈಗೆ ತೆವಳುವ ವೇಗ, ಗಾಳಿಯದಲ್ಲ. ಫ್ಯಾನು ತಿನ್ನುವ ವಿದ್ಯುತ್ತು ವೇಗದ ಘನಕ್ಕೆ ತಕ್ಕಂತೆ ಇರುವುದರಿಂದ, ವೇಗವನ್ನು ಶೇ 80ಕ್ಕೆ ಇಳಿಸಿದರೆ ವಿದ್ಯುತ್ತು ಅರ್ಧಕ್ಕೆ ಇಳಿಯುತ್ತದೆ, ಶೇ 70ಕ್ಕೆ ಇಳಿಸಿದರೆ ಮೂರನೇ ಒಂದಕ್ಕೆ. ಮೋಟರಿಗೆ ವೇಗ ಬದಲಿಸುವ ಡ್ರೈವ್ ಹಾಕಿಸಲು ಆಗುವ ಖರ್ಚು ಬೇಗ ಹುಟ್ಟುತ್ತದೆ.

ಇನ್ನೊಂದು ದುಂದು, ಬೇಕಾದ್ದಕ್ಕಿಂತ ಹೆಚ್ಚು ಒಣಗಿಸುವುದು. ನಮ್ಮ ಕಡೆ ಬೇಸಿಗೆಯಲ್ಲಿ ಮರ ತಾನಾಗಿಯೇ ಶೇ 6ರ ಹತ್ತಿರ ನಿಲ್ಲುತ್ತದೆ, ಮಳೆಗಾಲದಲ್ಲಿ ಶೇ 12ರ ಹತ್ತಿರ. ಬೆಂಗಳೂರಿಗೆ ಹೋಗುವ ಮಾಲಿಗೆ ಶೇ 9–10 ಸಾಕು. ಅದನ್ನು ಶೇ 6ಕ್ಕೆ ಇಳಿಸಿ ಕಳಿಸಿದರೆ ಅದು ಅಲ್ಲಿ ತೇವ ಕುಡಿದು ಉಬ್ಬುತ್ತದೆ, ಡ್ರಾಯರ್ ಸಿಕ್ಕಿಕೊಳ್ಳುತ್ತದೆ, ಫೋನು ಮಾತ್ರ ತಮಗೆ ಬರುತ್ತದೆ. ಕೊನೆಯ ನಾಲ್ಕು ಅಂಶಗಳನ್ನು ಇಳಿಸಲು ಹಿಡಿಯುವ ಸಮಯ ಮತ್ತು ಕಾವು ಎಲ್ಲಕ್ಕಿಂತ ದುಬಾರಿ.

ಇದೆಲ್ಲ ನಡೆಯಬೇಕಾದರೆ ತಾವು ತೂಕ ಮಾಡಲೇಬೇಕು. ಸೂಜಿ ಚುಚ್ಚುವ ಮೀಟರ್ ಶೇ 30ರ ಮೇಲೆ ಹೇಳುವುದು ಊಹೆ ಮಾತ್ರ. ಹಲಗೆಯ ತುದಿಯಿಂದ ಒಂದೂವರೆ ಅಡಿ ಒಳಗೆ, ಗಂಟಿಲ್ಲದ ಜಾಗದಲ್ಲಿ ಒಂದಿಂಚು ಅಗಲದ ತುಂಡು ಕತ್ತರಿಸಿ, ಗರಗಸದ ಪುಡಿ ಒರೆಸಿ, ತಕ್ಷಣ ತೂಗಿರಿ. ಆಮೇಲೆ 103 ಡಿಗ್ರಿಯ ಓವನ್‌ನಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿರಿ. ಮೊದಲು 182 ಗ್ರಾಂ ಇದ್ದದ್ದು 130ಕ್ಕೆ ನಿಂತರೆ, ಹೋದ 52 ಗ್ರಾಂ ನೀರನ್ನು 130ರಿಂದ ಭಾಗಿಸಿ. ತೇವಾಂಶ ಶೇ 40. ಇದೇ ತುಂಡನ್ನು ನಡುವೆ ಸೀಳಿ ಬಣ್ಣವನ್ನೂ ನೋಡಬಹುದು. ಬೂದು ಕಂಡರೆ ಅದು ಶೆಡ್ಡಿನಲ್ಲಿ ಬಂದದ್ದೋ ಕಿಲ್ನ್‌ನಲ್ಲಿ ಬಂದದ್ದೋ ಎಂಬುದು ಆ ದಿನವೇ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಜಾಲಿ ಮತ್ತು ಮತ್ತಿ ಹಲಗೆಗಳ ಮೇಲೆ ಕಿಲ್ನ್‌ನಿಂದ ತೆಗೆದಾಗ ನೀಲಿಗಪ್ಪು ಹನಿ ಹನಿ ಕಲೆಗಳು ಕಾಣುತ್ತವೆ. ಅದಿರಿನ ಲಾರಿಗಳ ಧೂಳು ಕೂತು ಹೀಗಾಗುತ್ತದೆ ಎಂದು ಕೆಲಸಗಾರರು ಹೇಳುತ್ತಾರೆ. ನಿಜವೇ?
— ಓದುಗರು, ಬಳ್ಳಾರಿ

ಉತ್ತರ: ಬಳ್ಳಾರಿಯಲ್ಲಿ ಏನೇ ಕೆಟ್ಟರೂ ಅಪವಾದ ಅದಿರಿನ ಧೂಳಿಗೇ ಬರುತ್ತದೆ, ಈ ಸಲ ಅದನ್ನು ಬಹುಮಟ್ಟಿಗೆ ಬಿಟ್ಟುಬಿಡಬಹುದು. ಧೂಳು ಕೂತರೆ ಹಲಗೆಯ ಮೈ ಒಂದೇ ಸಮ ಕೆಂಪಗೆ ಕಾಣುತ್ತದೆ, ಹನಿ ಹನಿಯಾಗಿ ಅಲ್ಲ. ಜಾಲಿ ಮತ್ತು ಮತ್ತಿಯಲ್ಲಿ ಒಗರಿನ ಅಂಶ, ಅಂದರೆ ಟ್ಯಾನಿನ್, ಬಹಳ. ಅದಕ್ಕೆ ಕಬ್ಬಿಣ ಕರಗಿದ ನೀರು ತಾಗಿದರೆ ಕಪ್ಪು ಶಾಯಿಯೇ ತಯಾರಾಗುತ್ತದೆ. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಹಾಕಿ ಬರೆಯುವ ಶಾಯಿ ಮಾಡುತ್ತಿದ್ದುದೂ ಹೀಗೆಯೇ. ತಮ್ಮ ಕಿಲ್ನ್‌ನ ಛಾವಣಿಯಲ್ಲಿ ತುಕ್ಕು ಹಿಡಿದ ಆ್ಯಂಗಲ್ ಅಥವಾ ಪೈಪು ಇದ್ದು, ಅದರ ಮೇಲೆ ಹಬೆ ತಣಿದು ತೊಟ್ಟಿಕ್ಕುತ್ತಿರಬೇಕು. ಮೇಲಿನ ಎರಡು ಸಾಲಿನ ಹಲಗೆಗಳಲ್ಲಿಯೇ ಕಲೆ ಹೆಚ್ಚಿದ್ದರೆ ಮತ್ತೆ ಅನುಮಾನ ಬೇಡ.

ಖಚಿತ ಮಾಡಿಕೊಳ್ಳಲು, ಒಂದು ಲೀಟರ್ ನೀರಿಗೆ 50 ಗ್ರಾಂ ಆಕ್ಸಾಲಿಕ್ ಆಮ್ಲ ಹಾಕಿ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ ಕಲೆಯ ಮೇಲೆ ಹಚ್ಚಿರಿ. ಕಬ್ಬಿಣದ ಕಲೆಯಾದರೆ ನೋಡುತ್ತಿದ್ದಂತೆಯೇ ತಿಳಿಯಾಗುತ್ತದೆ. ಬೂಷ್ಟಿನ ಕಲೆಯಾದರೆ ಹಾಗೆಯೇ ಉಳಿಯುತ್ತದೆ. ಇದು ವಿಷ, ಕೈಗವಸು ಹಾಕಿಕೊಳ್ಳಬೇಕು, ಆಮೇಲೆ ಹಲಗೆಯನ್ನು ಚೆನ್ನಾಗಿ ತೊಳೆಯಬೇಕು, ತೊಳೆಯದೆ ಉಜ್ಜುಕಾಗದ ಹೊಡೆದರೆ ಧೂಳು ಮೂಗಿಗೆ ಹೋಗಿ ಉರಿಯುತ್ತದೆ. ಶಾಶ್ವತ ಪರಿಹಾರವೆಂದರೆ ಛಾವಣಿಯ ಕಬ್ಬಿಣಕ್ಕೆ ಬಣ್ಣ ಬಳಿಸಿ ಕೆಳಗೆ ಅಲ್ಯೂಮಿನಿಯಂ ಹಾಳೆ ಕಟ್ಟಿಸುವುದು. ಹಬೆ ತಣಿಯುವುದೇ ಛಾವಣಿ ತಣ್ಣಗಿರುವುದರಿಂದಾಗಿ, ಹೊದಿಕೆ ಹಾಕಿಸಿದರೆ ತೊಟ್ಟಿಕ್ಕುವುದೂ ನಿಲ್ಲುತ್ತದೆ, ಮೇಲಿನಿಂದ ಹೋಗುತ್ತಿದ್ದ ಕಾವೂ ಉಳಿಯುತ್ತದೆ.

ಪ್ರಶ್ನೆ: ಕಿನ್ನಾಳದ ಮಾದರಿಯ ಬಣ್ಣದ ಗೊಂಬೆಗಳನ್ನು ಮಾಡಲು ಕಲಿಯುತ್ತಿದ್ದೇನೆ. ಮರವನ್ನು ಬೇರೆಯವರ ಕಿಲ್ನ್‌ನಲ್ಲಿ ದುಡ್ಡು ಕೊಟ್ಟು ಒಣಗಿಸಿಕೊಳ್ಳಬೇಕೇ?
— ಓದುಗರು, ಕುಷ್ಟಗಿ

ಉತ್ತರ: ಬೇಕಿಲ್ಲ. ಹಗುರವಾದ ಮರ, ಅದರ ಮೇಲೆ ಹುಣಸೆ ಬೀಜದ ಅಂಟು ಸೇರಿದ ಲೇಪ, ಅದರ ಮೇಲೆ ಬಣ್ಣ. ಒಳಗಿನ ಮರ ಬೆಳ್ಳಗಿದೆಯೋ ಬೂದಾಗಿದೆಯೋ ಯಾರಿಗೂ ಕಾಣುವುದಿಲ್ಲ. ಕಾಣುವುದು ಮರ ಕುಗ್ಗಿದಾಗ ಲೇಪದ ಮೇಲೆ ಬೀಳುವ ಬಿರುಕು. ತುಂಡುಗಳನ್ನು ಒರಟಾಗಿ ಕೆತ್ತಿ ನೆರಳಿನಲ್ಲಿ ಜಾಲರಿಯ ಮೇಲೆ ಹರವಿ, ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತಾ ಬನ್ನಿರಿ. ಎರಡು ವಾರ ತೂಕ ಬದಲಾಗದಿದ್ದರೆ ಲೇಪಕ್ಕೆ ಕೈ ಹಾಕಬಹುದು. ಮಳೆಗಾಲದಲ್ಲಿ ನಿಂತ ತೂಕ ಬೇಸಿಗೆಯಲ್ಲಿ ಮತ್ತೆ ಇಳಿಯುತ್ತದೆ ಎಂಬುದು ನೆನಪಿರಲಿ.

ಪ್ರಶ್ನೆ: ನಮ್ಮ ಸಂಬಂಧಿಕರದು ಸ್ಟೀಮ್ ಅಕ್ಕಿ ಮಾಡುವ ಮಿಲ್ಲು, ಭತ್ತದ ಹೊಟ್ಟು ಉರಿಸುವ ಬಾಯ್ಲರ್ ಇದೆ. ಪಕ್ಕದಲ್ಲೇ ನಾನು ಕಟ್ಟಿಗೆ ಒಣಗಿಸುವ ಕಿಲ್ನ್ ಹಾಕಬೇಕೆಂದಿದ್ದೇನೆ. ಹೊಟ್ಟಿನ ಕಾವು ಬಣ್ಣ ಕೆಡಿಸುವುದಿಲ್ಲವೇ? ಅಥವಾ ಸೋಲಾರ್ ಕಿಲ್ನ್ ಹಾಕುವುದು ಒಳ್ಳೆಯದೇ?
— ಓದುಗರು, ಸಿಂಧನೂರು

ಉತ್ತರ: ಹೊಟ್ಟಿನ ಕಾವಿಗೆ ಬಣ್ಣವಿಲ್ಲ, ಹೊಗೆಗಿದೆ. ಬಾಯ್ಲರಿನ ಹೊಗೆಯನ್ನು ನೇರವಾಗಿ ಕೋಣೆಗೆ ಬಿಟ್ಟರೆ ಮಸಿ ಹಿಡಿಯುತ್ತದೆ. ಹಬೆ ಅಥವಾ ಬಿಸಿನೀರನ್ನು ಕೊಳವೆಯಲ್ಲಿ ಹಾಯಿಸಿ, ರೆಕ್ಕೆ ಇರುವ ರೇಡಿಯೇಟರ್ ಮೂಲಕ ಗಾಳಿಯನ್ನು ಮಾತ್ರ ಕಾಯಿಸಿದರೆ ಯಾವ ಬಾಧೆಯೂ ಇಲ್ಲ. ಕೊಪ್ಪಳದವರಿಗೆ ಮೇಲೆ ಬರೆದ ಕ್ರಮವನ್ನು ಓದಿರಿ. ಬಣ್ಣಕ್ಕಾಗಿ ಕಿಲ್ನ್‌ನ ಕಾವನ್ನು 43 ಡಿಗ್ರಿಗೆ ಮಿತಿಗೊಳಿಸಿದಾಗ 60–70 ಡಿಗ್ರಿಯ ಬಿಸಿನೀರೇ ಸಾಕಾಗುತ್ತದೆ. ಭತ್ತ ಬೇಯಿಸಿದ ಮೇಲೆ ಮಿಲ್ಲಿನವರು ಚರಂಡಿಗೆ ಬಿಡುವ ನೀರಿನಲ್ಲಿಯೇ ಅಷ್ಟು ಕಾವಿರಬಹುದು. ಆ ನೀರು ಕೊಳವೆಯೊಳಗೆ ಜಿಗುಟು ಕಟ್ಟುವುದರಿಂದ ಅದನ್ನು ರೇಡಿಯೇಟರಿಗೆ ನೇರವಾಗಿ ಬಿಡದೆ, ಅದರ ಕಾವನ್ನು ಸ್ವಚ್ಛ ನೀರಿಗೆ ದಾಟಿಸಿಕೊಳ್ಳಬೇಕು. ಬಣ್ಣದ ಚಿಂತೆಯೇ ಅಗ್ಗದ ಕಾವಿಗೆ ದಾರಿ ಮಾಡಿಕೊಡುವುದು ಹೀಗೆ.

ಹೊಟ್ಟನ್ನೇ ಉರಿಸುವುದಾದರೆ, ಅದರ ಒಂದು ಕೆ.ಜಿ.ಯಲ್ಲಿ ಸುಮಾರು 13 ಮೆಗಾಜೌಲ್ ಕಾವಿದೆ. ಸಾಧಾರಣ ಬಾಯ್ಲರಿನಲ್ಲಿ ಶೇ 60 ಕೈಗೆ ಸಿಕ್ಕಿತೆಂದುಕೊಳ್ಳಿರಿ. ಕೊಪ್ಪಳದವರ 300 ಘನ ಅಡಿಯ ಪೂರ್ತಿ ಹಸಿ ಲೋಡಿಗೆ ಒಂದೂವರೆ ಟನ್ನಿನಷ್ಟು ಹೊಟ್ಟು ಬೇಕಾದೀತು, ನೆರಳಿನಲ್ಲಿ ಒಣಗಿಸಿ ಹಾಕಿದರೆ ನಾಲ್ಕು ಕ್ವಿಂಟಲ್ಲಿನ ಆಸುಪಾಸು. ಭತ್ತದ ತೂಕದಲ್ಲಿ ಐದನೇ ಒಂದು ಭಾಗ ಹೊಟ್ಟೇ ಆಗಿರುವುದರಿಂದ ಸಿಂಧನೂರಿನಲ್ಲಿ ಇದಕ್ಕೆ ಬರವಿಲ್ಲ. ವಿದ್ಯುತ್ ಹೀಟರಿನ ಬಗ್ಗೆ ನನ್ನ ತಕರಾರು ಇರುವುದು ಇಲ್ಲಿಯೇ: ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು, ಅದರ ಕಾವಿನ ಮೂರನೇ ಒಂದು ಪಾಲನ್ನಷ್ಟೇ ವಿದ್ಯುತ್ತಾಗಿ ಪಡೆದು, ತಂತಿಯ ಮೇಲೆ ಹರಿಸಿ ತಂದು, ನಾವು ಅದನ್ನು ಮತ್ತೆ ಕಾವು ಮಾಡುತ್ತೇವೆ, ಮನೆಯ ಪಕ್ಕದಲ್ಲೇ ಹೊಟ್ಟಿನ ಗುಡ್ಡ ಬಿದ್ದಿರುತ್ತದೆ. ವಿದ್ಯುತ್ತಿನಲ್ಲಿಯೇ ಒಣಗಿಸಬೇಕಾದವರು ಹೀಟ್ ಪಂಪ್ ಇರುವ ಕಿಲ್ನ್ ನೋಡಬಹುದು. ಅದು ಆವಿ ತಣಿಯುವಾಗ ಬಿಡುವ ಕಾವನ್ನೇ ಮತ್ತೆ ಹಲಗೆಗೆ ಕೊಡುವುದರಿಂದ, ಹಲಗೆ ಹಸಿಯಾಗಿರುವಾಗ ಒಂದು ಯೂನಿಟ್ಟಿಗೆ ಒಂದೂವರೆ ಎರಡು ಕೆ.ಜಿ. ನೀರು ತೆಗೆಯುತ್ತದೆ, ಹೀಟರಿನಲ್ಲಿ ಒಂದು ಕೆ.ಜಿ. ತೆಗೆಯುವುದೇ ಕಷ್ಟ. ನಮ್ಮ ಒಣ ಬೇಸಿಗೆಯಲ್ಲಿ ಅದರ ಅಗತ್ಯ ಕಡಿಮೆ, ಜುಲೈನಿಂದ ಅಕ್ಟೋಬರ್‌ವರೆಗೆ ಅದು ಉಪಕಾರಿ.

ಸೋಲಾರ್ ಕಿಲ್ನ್ ನನ್ನ ಮೆಚ್ಚಿನದು, ಆದರೆ ಅವಸರದವರಿಗೆ ಅಲ್ಲ. ದಕ್ಷಿಣಕ್ಕೆ ಇಳಿಜಾರಾದ ಪಾರದರ್ಶಕ ಛಾವಣಿ, ಅದರ ಕೆಳಗೆ ಕಪ್ಪು ಬಳಿದ ತಗಡು, ತಗಡಿನ ಕೆಳಗೆ ನೆರಳಿನಲ್ಲಿ ಹಲಗೆಯ ಅಟ್ಟಿ, ಹಗಲು ಮಾತ್ರ ತಿರುಗುವ ಫ್ಯಾನು ಇಷ್ಟೇ ಅದರ ರಚನೆ. ರಾತ್ರಿ ಕಾವು ಇಳಿದು ತೇವ ಏರುವುದರಿಂದ ಹಲಗೆಯ ಮೈ ಸಡಿಲಗೊಂಡು ಹಗಲಿನ ಬಿಗಿತ ಕಳೆಯುತ್ತದೆ; ಬೇರೆ ಕಿಲ್ನ್‌ಗಳಲ್ಲಿ ಹಬೆ ಬಿಟ್ಟು ಮಾಡುವ ಈ ಕೆಲಸ ಇಲ್ಲಿ ಪುಕ್ಕಟೆ. ಗಟ್ಟಿ ಮರಕ್ಕೆ ಇದು ಹೇಳಿ ಮಾಡಿಸಿದ್ದು. ಬಿಳಿ ಮರಕ್ಕಾದರೆ ಮೊದಲ ನಾಲ್ಕೈದು ರಾತ್ರಿ ಗಾಳಿಗಂಡಿ ಮುಚ್ಚದೆ ಒಂದು ಸಣ್ಣ ಫ್ಯಾನನ್ನಾದರೂ ತಿರುಗಿಸಬೇಕು, ಇಲ್ಲದಿದ್ದರೆ ಬೆಚ್ಚನೆಯ ತೇವ ನಿಂತು ಅದೇ ಬೂದು ಬರುತ್ತದೆ. ತಗಡು ನೆರಳು ಕೊಡದ ಕಡೆ ಬಿಸಿಲು ನೇರ ಬಿದ್ದರೆ ಹಲಗೆಯ ಮೇಲೆ ಬಿಸಿಲಿನ ಪಟ್ಟೆ ಮೂಡುತ್ತದೆ. ಮುಂಜಾನೆ ಪ್ಲಾಸ್ಟಿಕ್ ಹಾಳೆಯ ಒಳಬದಿಗೆ ಇಬ್ಬನಿ ಕಟ್ಟಿ ಹನಿಯುತ್ತದೆ. ಅದು ಅಟ್ಟಿಯ ಮೇಲೆ ಬೀಳದೆ ಗೋಡೆಗೆ ಹರಿಯುವಷ್ಟು ಇಳಿಜಾರು ಕೊಡಿಸಿರಿ, ಎಲ್ಲಕ್ಕಿಂತ ಮೇಲಿನ ಸಾಲಿಗೆ ಕೆಲಸಕ್ಕೆ ಬಾರದ ಹಲಗೆಗಳನ್ನು ಹೊದಿಸಿರಿ.